ರಾಚ್‌ಡೇಲ್ ಬರೋ: ಊರು, ಗಡಿ, ಆಡಳಿತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಂಚೆಸ್ಟರ್ ಸುತ್ತಮುತ್ತ ಕೆಲಸ ಸಿಕ್ಕು, ಬಾಡಿಗೆ ಸ್ವಲ್ಪ ಕಡಿಮೆ ಅಂತ ರಾಚ್‌ಡೇಲ್, ಮಿಡಲ್‌ಟನ್, ಹೇವುಡ್ ಕಡೆ ಮನೆ ಹಿಡಿಯುವವರು ಮೊದಲ ಕೆಲವು ತಿಂಗಳಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕರ್ನಾಟಕದಲ್ಲಿ ಕೂತು ಕುತೂಹಲಕ್ಕೆ ಕೇಳುವವರಿಗಾಗಿ ಇನ್ನೂ ಒಂದೆರಡು ಸೇರಿಸಿದ್ದೇನೆ. ಇಲ್ಲಿ ಜನ ಬದುಕುವ ಊರು ಬೇರೆ, ಆಳುವ ಗಡಿ ಬೇರೆ, ಅಂಚೆಯವರ ಗಡಿ ಮತ್ತೂ ಬೇರೆ. ಗೊಂದಲಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ರಾಚ್‌ಡೇಲ್ ಅಂದರೆ ಊರೋ, ಜಿಲ್ಲೆಯೋ?

ಎರಡೂ ಹೌದು. ರೋಚ್ ನದಿಯ ದಂಡೆಯಲ್ಲಿರುವ ಹಳೆಯ ಗಿರಣಿ ಪಟ್ಟಣ ಒಂದು. ಅದರದೇ ಹೆಸರು ಹೊತ್ತ ಮೆಟ್ರೊಪಾಲಿಟನ್ ಬರೋ ಇನ್ನೊಂದು. ಬರೋ ಎಂದರೆ ಒಂದೇ ಚುನಾಯಿತ ಕೌನ್ಸಿಲ್ ಆಳುವ ಪ್ರದೇಶ. ಇದರೊಳಗೆ ರಾಚ್‌ಡೇಲ್ ಪಟ್ಟಣದ ಜೊತೆಗೆ ಹೇವುಡ್, ಮಿಡಲ್‌ಟನ್, ಲಿಟಲ್‌ಬರೋ, ಮಿಲ್ನ್‌ರೋ, ವಾರ್ಡಲ್ ಇವೆ. ವಿಸ್ತೀರ್ಣ ಸುಮಾರು 158 ಚದರ ಕಿಲೋಮೀಟರ್. 2021ರ ಜನಗಣತಿಯ ಪ್ರಕಾರ ಜನಸಂಖ್ಯೆ 2,23,000ಕ್ಕಿಂತ ಸ್ವಲ್ಪ ಹೆಚ್ಚು.

ಮಿಡಲ್‌ಟನ್‌ನವರಿಗೆ ‘ನೀವು ರಾಚ್‌ಡೇಲ್‌ನವರಲ್ಲವೇ’ ಎಂದು ಕೇಳಿ ನೋಡಿ. ಕೌನ್ಸಿಲ್ ತೆರಿಗೆ ಅಲ್ಲಿಗೆ ಕಟ್ಟುತ್ತೇವೆ, ಅಷ್ಟೇ ಸಂಬಂಧ ಎನ್ನುವವರೇ ಜಾಸ್ತಿ. ಅವರ ಕೆಲಸ, ಸಂತೆ, ಫುಟ್‌ಬಾಲ್ ಎಲ್ಲ ಮ್ಯಾಂಚೆಸ್ಟರ್ ಕಡೆಗೆ.

ಈ ಆರು ಊರುಗಳನ್ನು ಒಟ್ಟಿಗೆ ಕಟ್ಟಿದವರು ಯಾರು?

ಲಂಡನ್ನಿನ ಸಂಸತ್ತು. 1972ರ ಸ್ಥಳೀಯ ಸರ್ಕಾರ ಕಾಯ್ದೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಇಂಗ್ಲೆಂಡಿನ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಆರು ಮೆಟ್ರೊಪಾಲಿಟನ್ ಕೌಂಟಿಗಳು, ಅವುಗಳೊಳಗೆ 36 ಬರೋಗಳು ಹುಟ್ಟಿದವು. ಅಲ್ಲಿಯವರೆಗೆ ರಾಚ್‌ಡೇಲ್ ತನ್ನ ಪಾಡಿಗೆ ತಾನಿದ್ದ ಕೌಂಟಿ ಬರೋ. ಹೇವುಡ್‌ಗೂ ಮಿಡಲ್‌ಟನ್‌ಗೂ ಅವವೇ ಪುರಸಭೆಗಳು, ಅವವೇ ಮೇಯರ್‌ಗಳು. ಉಳಿದ ಮೂರೂ ಅರ್ಬನ್ ಡಿಸ್ಟ್ರಿಕ್ಟ್‌ಗಳು, ಅಂದರೆ ತಮ್ಮದೇ ಕೌನ್ಸಿಲ್ ಇದ್ದ ಸಣ್ಣ ಪಟ್ಟಣಗಳು. ಒಂದೇ ರಾತ್ರಿಯಲ್ಲಿ ಅವೆಲ್ಲ ಹೋಗಿ ಒಂದು ಕೌನ್ಸಿಲ್ ಉಳಿಯಿತು. ಪಕ್ಕದ ಬ್ಯುರಿಯನ್ನೂ ಸೇರಿಸಿ ಒಂದೇ ಬರೋ ಮಾಡುವ ಯೋಚನೆ ಮೊದಲು ಇತ್ತು. ಎರಡೂ ಊರಿನವರು ಒಪ್ಪಲಿಲ್ಲ. ಒಪ್ಪದೇ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ, ಈಗಿರುವ ಆರನ್ನೇ ಹೊಂದಿಸುವುದು ಕಷ್ಟ.

ವಿಟ್‌ವರ್ತ್ ಕಥೆ ಉಲ್ಟಾ. ರಾಚ್‌ಡೇಲ್ ಪಟ್ಟಣದ ಉತ್ತರಕ್ಕೆ ಸ್ಪಾಡನ್ ಹೊಳೆಯ ಕಣಿವೆಯಲ್ಲಿ ಮೇಲೆ ಹೋದರೆ ಸಿಗುವ ಊರು ಅದು. ಅಲ್ಲಿನವರು ಸಾಮಾನಿಗೂ ಬಸ್ಸಿಗೂ ರಾಚ್‌ಡೇಲಿಗೇ ಇಳಿಯುತ್ತಾರೆ. ಆದರೆ 1974ರಲ್ಲಿ ಅದು ಲ್ಯಾಂಕಷೈರ್ ಕೌಂಟಿಯ ರೋಸೆಂಡೇಲ್ ಪಾಲಾಯಿತು.

ನೆಲ ಹೇಗಿದೆ? ಇಷ್ಟೊಂದು ಮಳೆ, ಗಾಳಿ ಯಾಕೆ?

ಪೆನೈನ್ ಬೆಟ್ಟಸಾಲು ಇಂಗ್ಲೆಂಡಿನ ಉತ್ತರಾರ್ಧದ ಬೆನ್ನುಮೂಳೆ. ಬರೋದ ಪೂರ್ವದ ಅಂಚು ಅದರ ಮೇಲೆಯೇ ಕೂತಿದೆ. ಪಶ್ಚಿಮದಿಂದ ಬರುವ ಮೋಡಗಳು ಈ ಬೆಟ್ಟಕ್ಕೆ ಬಡಿದು ಇಲ್ಲಿ ಸುರಿದುಬಿಡುತ್ತವೆ. ಪಶ್ಚಿಮ ಘಟ್ಟದ ಸೆರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಜಡಿಮಳೆ ಕಮ್ಮಿ. ವರ್ಷಪೂರ್ತಿ ಜಿನುಗುವ, ಕೊಡೆ ಹಿಡಿದರೂ ಬಟ್ಟೆ ತೇವ ಮಾಡುವ ಮಳೆ.

ಬ್ಲಾಕ್‌ಸ್ಟೋನ್ ಎಡ್ಜ್ ಎಂಬ ಬಂಡೆಯ ಅಂಚು 472 ಮೀಟರ್ ಎತ್ತರದಲ್ಲಿದೆ. ಅದರಾಚೆ ಯಾರ್ಕ್‌ಷೈರ್. ಕಾಲಿಟ್ಟರೆ ಕುಸಿಯುವ ಕಪ್ಪು ಪೀಟ್ ಮಣ್ಣು, ಮರವೇ ಇಲ್ಲದ ಹುಲ್ಲುಗಾವಲು, ಕುರಿ. ಬೆಟ್ಟ ಹತ್ತುವ ಹಾದಿಯಲ್ಲಿ ಕಲ್ಲು ಹಾಸಿದ ಒಂದು ಹಳೆಯ ರಸ್ತೆಯಿದೆ. ನಡುವೆ ಉದ್ದಕ್ಕೂ ಕಾಲುವೆಯಂತೆ ಕೊರೆದ ಕಲ್ಲುಸಾಲು. ರೋಮನ್ನರದ್ದು ಎಂದು ತಲೆಮಾರುಗಳಿಂದ ಹೇಳುತ್ತಾರೆ, ಅಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಎಂ62 ಹೆದ್ದಾರಿ ಮಿಲ್ನ್‌ರೋ ದಾಟಿ ಬೆಟ್ಟ ಹತ್ತಿ ಯಾರ್ಕ್‌ಷೈರ್ ಗಡಿಯ ಬಳಿ 372 ಮೀಟರ್ ಮುಟ್ಟುತ್ತದೆ, ಇಂಗ್ಲೆಂಡಿನ ಮೋಟರ್‌ವೇಗಳಲ್ಲೇ ಅತಿ ಎತ್ತರದ ಜಾಗ ಅದು. ಚಳಿಗಾಲದಲ್ಲಿ ಆ ಕಡೆ ಕೆಲಸಕ್ಕೆ ಹೋಗುವವರು ಹೊರಡುವ ಮೊದಲು ಹಿಮದ ಸುದ್ದಿ ನೋಡಿಕೊಳ್ಳಿ.

ಬೆಟ್ಟದಿಂದ ಪಶ್ಚಿಮಕ್ಕೆ ಇಳಿದಂತೆ ಊರುಗಳು ಒತ್ತೊತ್ತಾಗುತ್ತವೆ. ಮಿಡಲ್‌ಟನ್ ತಲುಪುವಷ್ಟರಲ್ಲಿ ಮ್ಯಾಂಚೆಸ್ಟರ್ ಎಲ್ಲಿ ಶುರುವಾಯಿತು ಅನ್ನುವುದೇ ತಿಳಿಯುವುದಿಲ್ಲ.

ಲಿಟಲ್‌ಬರೋ ಪಕ್ಕದ ಹಾಲಿಂಗ್‌ವರ್ತ್ ಸರೋವರ ನೈಸರ್ಗಿಕವಲ್ಲ. ರಾಚ್‌ಡೇಲ್ ಕಾಲುವೆಗೆ ನೀರು ಒದಗಿಸಲು ಕಟ್ಟಿದ ಕೆರೆ. 1804ರಲ್ಲಿ ಪೂರ್ತಿಯಾಗಿ ತೆರೆದ ಆ ಕಾಲುವೆ ಮ್ಯಾಂಚೆಸ್ಟರಿನಿಂದ ಪೆನೈನ್ ದಾಟಿ ಸವರ್ಬಿ ಬ್ರಿಡ್ಜ್‌ವರೆಗೆ 32 ಮೈಲಿ ಸಾಗುತ್ತದೆ. ಬಹುಪಾಲು 1952ರಲ್ಲಿ ಮುಚ್ಚಿಹೋಗಿ 2002ರಲ್ಲಿ ಮತ್ತೆ ದೋಣಿಗಳಿಗೆ ತೆರೆಯಿತು. ರೈಲು ಬಂದ ಮೇಲೆ ಗಿರಣಿ ಕೆಲಸಗಾರರು ರಜೆಯ ದಿನ ಸಮುದ್ರದ ಬದಲು ಈ ಕೆರೆಗೆ ಬರುತ್ತಿದ್ದರು. ಈಗಲೂ ಭಾನುವಾರ ಬಿಸಿಲಿದ್ದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ನದಿಯ ಹೆಸರಿನ ಪಟ್ಟಣ ಅಂತೀರಿ, ಹಳೆಯ ಫೋಟೋಗಳಲ್ಲಿ ನದಿಯೇ ಕಾಣುವುದಿಲ್ಲವಲ್ಲ?

ಮುಚ್ಚಿಬಿಟ್ಟಿದ್ದರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಟ್ರಾಮಿಗೂ ರಸ್ತೆಗೂ ಜಾಗ ಬೇಕೆಂದು ಪೇಟೆಯ ನಡುವಿನ ರೋಚ್ ನದಿಯ ಮೇಲೆ ಕಾಂಕ್ರೀಟ್ ಹಾಸಿದರು. ನದಿಯ ಕೊಳೆ, ವಾಸನೆ ಕಣ್ಣಿಗೆ ಬೀಳದಿರಲಿ ಎಂಬುದೂ ಇತ್ತು. 2016ರಲ್ಲಿ ಆ ಹೊದಿಕೆಯ ಒಂದು ಭಾಗ ತೆಗೆದಾಗ ಕೆಳಗಿದ್ದ ಮಧ್ಯಯುಗದ ಕಲ್ಲಿನ ಸೇತುವೆ ಬೆಳಕಿಗೆ ಬಂತು. ಈಗ ಪೇಟೆಗೆ ಹೋದವರು ಅದನ್ನು ನಿಂತು ನೋಡಬಹುದು.

2015ರ ಡಿಸೆಂಬರ್ 26ರಂದು, ಹೊದಿಕೆ ತೆಗೆಯುವ ಕೆಲಸದ ನಡುವೆಯೇ, ರೋಚ್ ಉಕ್ಕಿ ಪೇಟೆಗೂ ಲಿಟಲ್‌ಬರೋಗೂ ನುಗ್ಗಿತು. ಕಣಿವೆಯ ಇಕ್ಕೆಲದ ಬೆಟ್ಟದ ನೀರೆಲ್ಲ ಕೆಲವೇ ಗಂಟೆಯಲ್ಲಿ ಕೆಳಗಿಳಿಯುತ್ತದೆ. ನದಿಯ ಹತ್ತಿರ ಮನೆ ಹಿಡಿಯುವವರು ಸರ್ಕಾರದ ಜಾಲತಾಣದಲ್ಲಿ ಆ ವಿಳಾಸದ ಪ್ರವಾಹ ಅಪಾಯ ನೋಡಿಕೊಂಡೇ ಕರಾರಿಗೆ ಸಹಿ ಹಾಕಿ. ಏಜೆಂಟರು ತಾವಾಗಿ ಹೇಳುತ್ತಾರೆಂದು ಕಾಯಬೇಡಿ.

ನನ್ನ ವಿಳಾಸದಲ್ಲಿ ‘ಓಎಲ್’ ಯಾಕೆ? ನಾನಿರುವುದು ಓಲ್ಡ್‌ಹ್ಯಾಮ್‌ನಲ್ಲಿ ಅಲ್ಲವಲ್ಲ.

ಪೋಸ್ಟ್‌ಕೋಡ್ ಅಂಚೆಯವರ ಲೆಕ್ಕ, ಆಡಳಿತದ್ದಲ್ಲ. ರಾಚ್‌ಡೇಲ್, ಹೇವುಡ್, ಲಿಟಲ್‌ಬರೋ ಕೋಡುಗಳು ಪಕ್ಕದ ಊರು ಓಲ್ಡ್‌ಹ್ಯಾಮ್ ಹೆಸರಿನ ‘ಓಎಲ್’ನಿಂದ ಶುರುವಾಗುತ್ತವೆ. ಮಿಡಲ್‌ಟನ್‌ದು ಮ್ಯಾಂಚೆಸ್ಟರಿನ ‘ಎಂ24’. ಬೇರೆ ಕೌಂಟಿಯ ವಿಟ್‌ವರ್ತ್‌ಗೆ ರಾಚ್‌ಡೇಲ್ ಪಟ್ಟಣದ ‘ಓಎಲ್12’, ಬೆಟ್ಟದಾಚೆ ಯಾರ್ಕ್‌ಷೈರಿನಲ್ಲಿರುವ ಟಾಡ್‌ಮರ್ಡನ್‌ಗೂ ‘ಓಎಲ್14’. ಹಾಗಾಗಿ ಮಕ್ಕಳ ಶಾಲೆಯ ಅರ್ಜಿ ಹಾಕುವಾಗ ಪೋಸ್ಟ್‌ಕೋಡ್ ನೋಡಿ ಕೌನ್ಸಿಲ್ ಯಾವುದೆಂದು ಊಹಿಸಬೇಡಿ. ಪೂರ್ತಿ ವಿಳಾಸ ಹಾಕಿ ಸರ್ಕಾರದ ಜಾಲತಾಣದಲ್ಲಿ ಖಾತ್ರಿ ಮಾಡಿಕೊಳ್ಳಿ.

ಇದು ಲ್ಯಾಂಕಷೈರೋ, ಗ್ರೇಟರ್ ಮ್ಯಾಂಚೆಸ್ಟರೋ?

ಆಡಳಿತದ ಮಟ್ಟಿಗೆ ಗ್ರೇಟರ್ ಮ್ಯಾಂಚೆಸ್ಟರ್, 1974ರಲ್ಲಿ ಹುಟ್ಟಿದ ಆ ಆರು ಮೆಟ್ರೊಪಾಲಿಟನ್ ಕೌಂಟಿಗಳಲ್ಲಿ ಒಂದು. ಚರಿತ್ರೆಯ ಮಟ್ಟಿಗೆ, ಹಿರಿಯರ ಬಾಯಲ್ಲಿ, ಲ್ಯಾಂಕಷೈರ್. ಚಹಾ ಕುಡಿಯುತ್ತ ಈ ವಾದಕ್ಕೆ ಇಳಿಯದಿರುವುದು ಕ್ಷೇಮ.

ರಾಚ್‌ಡೇಲ್ ಸಿಟಿಯೇ?

ಅಲ್ಲ, ಟೌನ್. ಸಿಟಿ ಎನ್ನಿಸಿಕೊಳ್ಳಲು ರಾಜಮನೆತನದ ಆದೇಶ ಬೇಕು. ಗ್ರೇಟರ್ ಮ್ಯಾಂಚೆಸ್ಟರಿನ ಹತ್ತು ಬರೋಗಳಲ್ಲಿ ಮ್ಯಾಂಚೆಸ್ಟರ್ ಮತ್ತು ಸ್ಯಾಲ್‌ಫರ್ಡ್‌ಗೆ ಮಾತ್ರ ಅದು ಇದೆ. ಸಿಟಿಯಾದರೆ ಹೆಚ್ಚು ಅಧಿಕಾರವೇನೂ ಬರುವುದಿಲ್ಲ.

ಕೌನ್ಸಿಲ್ ನಡೆಯುವುದು ಹೇಗೆ?

20 ವಾರ್ಡು, ವಾರ್ಡಿಗೆ ಮೂವರು, ಒಟ್ಟು 60 ಕೌನ್ಸಿಲರ್‌ಗಳು. ಅವಧಿ ನಾಲ್ಕು ವರ್ಷ. ಮೂವರಿಗೂ ಒಟ್ಟಿಗೆ ಚುನಾವಣೆ ನಡೆಯುವುದಿಲ್ಲ. ಮೂರು ವರ್ಷ, ವರ್ಷಕ್ಕೆ ಒಬ್ಬೊಬ್ಬರಂತೆ, ನಾಲ್ಕನೆಯ ವರ್ಷ ಖಾಲಿ. ವಾರ್ಡುಗಳ ಗಡಿ ಬದಲಾದ್ದರಿಂದ 2022ರಲ್ಲಿ ಮಾತ್ರ ಅಷ್ಟೂ ಸ್ಥಾನಗಳಿಗೆ ಒಮ್ಮೆಗೇ ಮತದಾನ ನಡೆಯಿತು. ಜನರಿಗೆ ಪ್ರತಿ ಸಲ ಮತ ಹಾಕಿ ಬೇಸರ, ಪಕ್ಷಗಳಿಗೆ ಪ್ರತಿ ಮೇ ತಿಂಗಳೂ ಪರೀಕ್ಷೆ.

ಬಹುಮತದ ಗುಂಪಿನ ಮುಖ್ಯಸ್ಥರು ‘ಲೀಡರ್’ ಆಗುತ್ತಾರೆ. ಅವರು ಸಣ್ಣ ಕ್ಯಾಬಿನೆಟ್ ಇಟ್ಟುಕೊಂಡು ಶಿಕ್ಷಣ, ವಸತಿ, ಹಣಕಾಸು ಅಂತ ಖಾತೆ ಹಂಚುತ್ತಾರೆ. ಅಧಿಕಾರಿಗಳ ತಲೆಯಾಗಿ ಚೀಫ್ ಎಕ್ಸಿಕ್ಯುಟಿವ್ ಇರುತ್ತಾರೆ. ನಮ್ಮ ಪಾಲಿಕೆ ಆಯುಕ್ತರ ಹಾಗೆ ರಾಜ್ಯ ಸರ್ಕಾರ ಕಳುಹಿಸಿದ ಐಎಎಸ್ ಅಧಿಕಾರಿಯಲ್ಲ. ಕೌನ್ಸಿಲ್ ತಾನೇ ಸಂದರ್ಶನ ಮಾಡಿ ನೇಮಿಸಿಕೊಂಡ ನೌಕರ. ನಮ್ಮ ಕಡೆಯ ಪಾಲಿಕೆ ಸದಸ್ಯರು ಇದನ್ನು ಕೇಳಿದರೆ ಹೊಟ್ಟೆಕಿಚ್ಚು ಪಟ್ಟಾರು.

ಕೌನ್ಸಿಲ್ ಕಚೇರಿ ಇರುವುದು ನದಿ ಪಕ್ಕದ ‘ನಂಬರ್ ಒನ್ ರಿವರ್‌ಸೈಡ್’ ಕಟ್ಟಡದಲ್ಲಿ, ಗ್ರಂಥಾಲಯವೂ ಅಲ್ಲೇ. ಊರೂರಿಗೆ ಸ್ವಲ್ಪ ಮಾತಿರಲಿ ಎಂದು ಹೇವುಡ್, ಮಿಡಲ್‌ಟನ್, ಪೆನೈನ್ಸ್, ರಾಚ್‌ಡೇಲ್ ಎಂಬ ನಾಲ್ಕು ಟೌನ್‌ಶಿಪ್ ಸಮಿತಿಗಳಿವೆ. ಗ್ರಾಮ ಪಂಚಾಯಿತಿಗೆ ಹೋಲುವ ಪ್ಯಾರಿಷ್ ಕೌನ್ಸಿಲ್ ಈ ಬರೋದಲ್ಲಿ ಒಂದೂ ಇಲ್ಲ.

ಮೇಯರ್ ಯಾರು? ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ.

ಇಬ್ಬರು ಇದ್ದಾರೆ. ಕೊರಳಲ್ಲಿ ಚಿನ್ನದ ಸರಪಳಿ ಹಾಕಿಕೊಂಡು ಶಾಲೆ, ಮಸೀದಿ, ಚರ್ಚು, ವೃದ್ಧಾಶ್ರಮಗಳ ಸಮಾರಂಭಕ್ಕೆ ಬರುವವರು ರಾಚ್‌ಡೇಲ್‌ನ ಮೇಯರ್. ಕೌನ್ಸಿಲರ್‌ಗಳು ತಮ್ಮಲ್ಲೇ ಒಬ್ಬರನ್ನು ವರ್ಷಕ್ಕೊಮ್ಮೆ ಆರಿಸುತ್ತಾರೆ. ಗೌರವದ ಹುದ್ದೆ, ಅಧಿಕಾರ ಕಡಿಮೆ.

ಅಧಿಕಾರ ಇರುವುದು ಗ್ರೇಟರ್ ಮ್ಯಾಂಚೆಸ್ಟರ್ ಮೇಯರ್‌ಗೆ. ಹತ್ತು ಬರೋಗಳ ಜನ ನೇರವಾಗಿ ಮತ ಹಾಕಿ ಆರಿಸುವ ಹುದ್ದೆ, 2017ರಲ್ಲಿ ಶುರುವಾಯಿತು. ಮೊದಲು ಗೆದ್ದವರು ಆಂಡಿ ಬರ್ನಮ್, 2021 ಮತ್ತು 2024ರಲ್ಲಿ ಮತ್ತೆ ಗೆದ್ದರು. ಪೊಲೀಸ್, ಅಗ್ನಿಶಾಮಕ, ಸಾರಿಗೆಯ ಹೊಣೆ ಈ ಮೇಯರ್ ಕಡೆಗಿದೆ.

ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೇ ಮಾದರಿಯದ್ದೇ?

ಹೊರನೋಟಕ್ಕೆ ಹೌದು: ಕೆಳಗೆ ಹಲವು ಪಾಲಿಕೆ, ಮೇಲೊಂದು ಸಂಸ್ಥೆ. ಆದರೆ ಬಂದ ದಾರಿ ಬೇರೆ. ಬೆಂಗಳೂರಿನಲ್ಲಿ ಒಂದು ಬಿಬಿಎಂಪಿಯನ್ನು 2025ರಲ್ಲಿ ಐದು ಪಾಲಿಕೆಗಳಾಗಿ ಒಡೆದು ಮೇಲೆ ಪ್ರಾಧಿಕಾರ ಇಟ್ಟರು. ಅದರ ಅಧ್ಯಕ್ಷರು ಮುಖ್ಯಮಂತ್ರಿ. ಇಲ್ಲಿ 1974ರಲ್ಲೇ ಹತ್ತು ಬರೋಗಳೂ ಅವುಗಳ ಮೇಲೆ ಒಂದು ಕೌಂಟಿ ಕೌನ್ಸಿಲ್ಲೂ ಇದ್ದವು. ಥ್ಯಾಚರ್ ಸರ್ಕಾರ 1986ರಲ್ಲಿ ಮೇಲಿನದನ್ನು ರದ್ದು ಮಾಡಿತು. ಇಪ್ಪತ್ತೈದು ವರ್ಷ ಹತ್ತು ಕೌನ್ಸಿಲ್‌ಗಳು ತಾವೇ ಕೂಡಿ ಹೇಗೋ ನಿಭಾಯಿಸಿದವು. 2011ರಲ್ಲಿ ಕಂಬೈನ್ಡ್ ಅಥಾರಿಟಿ, ಅಂದರೆ ಹತ್ತೂ ಕೌನ್ಸಿಲ್‌ಗಳ ಜಂಟಿ ಸಂಸ್ಥೆ, ಬಂತು. ಅದರಲ್ಲಿ ಹತ್ತು ಲೀಡರ್‌ಗಳೂ ಕೂರುತ್ತಾರೆ, ಸಚಿವರಿಗೆ ಕುರ್ಚಿಯಿಲ್ಲ. ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಅದೇ.

ಯಾವ ಕೆಲಸಕ್ಕೆ ಯಾರನ್ನು ಹಿಡಿಯಬೇಕು?

ಕಸ, ಬೀದಿ ದೀಪ, ಊರೊಳಗಿನ ರಸ್ತೆಯ ಗುಂಡಿ, ಕಟ್ಟಡದ ಪರವಾನಗಿ, ಶಾಲಾ ಪ್ರವೇಶ, ಗ್ರಂಥಾಲಯ, ಮಕ್ಕಳ ರಕ್ಷಣೆ, ವೃದ್ಧರ ಆರೈಕೆ, ಎಲ್ಲ ಬರೋ ಕೌನ್ಸಿಲ್ಲಿನದು. ಬಜೆಟ್ಟಿನ ಸಿಂಹಪಾಲು ಹೋಗುವುದು ಕೊನೆಯ ಎರಡಕ್ಕೆ. ಗುಂಡಿ ಮುಚ್ಚಲು ದುಡ್ಡಿಲ್ಲ ಅನ್ನುವುದರ ಹಿಂದೆ ಅದೂ ಇದೆ.

ಹಳದಿ ಬಸ್ಸು ಮತ್ತು ಟ್ರಾಮ್ ‘ಬೀ ನೆಟ್‌ವರ್ಕ್’ನವು, ಹೊಣೆ ಮೇಯರ್ ಮಟ್ಟದ್ದು. ರಾಚ್‌ಡೇಲ್ ಬಸ್ಸುಗಳು 2024ರ ಮಾರ್ಚಿನಲ್ಲಿ ಖಾಸಗಿಯವರ ಮರ್ಜಿಯಿಂದ ಹೊರಬಂದು ಸಾರ್ವಜನಿಕ ನಿಯಂತ್ರಣಕ್ಕೆ ಸೇರಿದವು. ಎಂ62 ರಾಷ್ಟ್ರೀಯ ಹೆದ್ದಾರಿ ಸಂಸ್ಥೆಯದು. ನೀರು ಯುನೈಟೆಡ್ ಯುಟಿಲಿಟೀಸ್ ಎಂಬ ಖಾಸಗಿ ಕಂಪನಿಯದು, ಬಿಲ್ಲು ಬೇರೆ ಬರುತ್ತದೆ. ಆಸ್ಪತ್ರೆ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ದು. ರಾಚ್‌ಡೇಲ್ ಇನ್‌ಫರ್ಮರಿಯಲ್ಲಿ ಸಣ್ಣಪುಟ್ಟ ತುರ್ತಿಗೆ ನೋಡುತ್ತಾರೆ, ಪೂರ್ಣ ಪ್ರಮಾಣದ ತುರ್ತು ವಿಭಾಗಕ್ಕೆ ಓಲ್ಡ್‌ಹ್ಯಾಮ್ ಅಥವಾ ಬ್ಯುರಿಯ ಫೇರ್‌ಫೀಲ್ಡ್‌ಗೆ ಹೋಗಬೇಕು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಕೌನ್ಸಿಲ್ ತೆರಿಗೆ ಮನೆ ಮಾಲೀಕರು ಕಟ್ಟುವುದಿಲ್ಲವೇ?

ಇಲ್ಲ, ಸಾಮಾನ್ಯವಾಗಿ ವಾಸಿಸುವವರೇ ಕಟ್ಟಬೇಕು. ಹೊಸದಾಗಿ ಬಂದವರ ಲೆಕ್ಕಾಚಾರ ತಪ್ಪುವುದು ಇಲ್ಲೇ. ಬಾಡಿಗೆಯ ಜೊತೆಗೆ ಇದನ್ನೂ ಕೂಡಿಸಿ ಮನೆ ನೋಡಿ. ಎ ಇಂದ ಎಚ್‌ವರೆಗೆ ಎಂಟು ಬ್ಯಾಂಡ್‌ಗಳು. 1991ರ ಏಪ್ರಿಲ್ 1ರಂದು ಆ ಮನೆಯ ಬೆಲೆ ಎಷ್ಟಿರುತ್ತಿತ್ತು ಎಂಬುದರ ಮೇಲೆ ಬ್ಯಾಂಡ್ ನಿರ್ಧಾರ. ಮೊನ್ನೆ ಕಟ್ಟಿದ ಮನೆಗೂ 1991ರ ಬೆಲೆಯನ್ನೇ ಕಲ್ಪಿಸಿಕೊಳ್ಳುತ್ತಾರೆ! 40,000 ಪೌಂಡಿನೊಳಗಿದ್ದರೆ ಎ ಬ್ಯಾಂಡ್. ಗಿರಣಿ ಕಾಲದ ಸಾಲುಮನೆಗಳು ಬಹಳಷ್ಟು ಇದರಲ್ಲೇ ಬರುತ್ತವೆ.

ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ಶೇ 25 ರಿಯಾಯಿತಿ. ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ವಿನಾಯಿತಿ. ಎರಡಕ್ಕೂ ಅರ್ಜಿ ಹಾಕಬೇಕು. ಬಿಲ್ಲಿನಲ್ಲಿ ಮೇಯರ್ ಪಾಲು, ಪೊಲೀಸ್ ಪಾಲು ಬೇರೆ ಸಾಲುಗಳಲ್ಲಿ ಕಾಣುತ್ತವೆ, ವಸೂಲಿ ಮಾತ್ರ ಬರೋದ್ದು.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಮತ ಹಾಕಬಹುದೇ?

ಹಾಕಬಹುದು, ಹಲವರಿಗೆ ಇದು ಗೊತ್ತೇ ಇಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಅಲ್ಲಿನ ಪ್ರಜೆ ಕಾನೂನುಬದ್ಧ ವೀಸಾದಲ್ಲಿ ಇಲ್ಲಿ ನೆಲೆಸಿದ್ದು 18 ತುಂಬಿದ್ದರೆ ಕೌನ್ಸಿಲ್, ಮೇಯರ್, ಸಂಸತ್ತು ಮೂರಕ್ಕೂ ಮತದಾರ. ಮೊದಲು ಪಟ್ಟಿಯಲ್ಲಿ ಹೆಸರು ಸೇರಿಸಬೇಕು. 2023ರಿಂದ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

2024ರಲ್ಲಿ ರಾಚ್‌ಡೇಲ್ ಕ್ಷೇತ್ರದವರು ಬೆರಳೆಣಿಕೆಯ ತಿಂಗಳಲ್ಲಿ ಮೂರು ಸಲ ಮತಗಟ್ಟೆಗೆ ಹೋದರು: ಫೆಬ್ರವರಿ 29ರಂದು ಸಂಸತ್ತಿನ ಉಪಚುನಾವಣೆ, ಗೆದ್ದವರು ಜಾರ್ಜ್ ಗ್ಯಾಲೋವೇ. ಮೇ 2ರಂದು ಕೌನ್ಸಿಲ್ ಮತ್ತು ಮೇಯರ್. ಜುಲೈ 4ರ ಸಾರ್ವತ್ರಿಕ ಚುನಾವಣೆಯಲ್ಲಿ ಅದೇ ಸ್ಥಾನ ಲೇಬರ್ ಪಕ್ಷದ ಪಾಲ್ ವಾ ಅವರಿಗೆ. ಸಂಸತ್ ಕ್ಷೇತ್ರದ ಗಡಿಯೂ ಬರೋ ಗಡಿಯೂ ಒಂದಲ್ಲ. ಮಿಡಲ್‌ಟನ್‌ನ ದಕ್ಷಿಣ ಭಾಗ ಮ್ಯಾಂಚೆಸ್ಟರಿನ ಬ್ಲ್ಯಾಕ್ಲಿಯ ಜೊತೆ ಸೇರಿದೆ.

ಗೋಡೆಗೆ ಬೂಷ್ಟು ಹಿಡಿದಿದೆ, ಯಾರಿಗೆ ಹೇಳಲಿ?

ಕೌನ್ಸಿಲ್ ತನ್ನ ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳನ್ನು 2012ರಲ್ಲಿ ರಾಚ್‌ಡೇಲ್ ಬರೋವೈಡ್ ಹೌಸಿಂಗ್ ಎಂಬ ಸಂಸ್ಥೆಗೆ ವರ್ಗಾಯಿಸಿತು. ಬಾಡಿಗೆದಾರರೂ ನೌಕರರೂ ಸದಸ್ಯರಾಗಿರುವ ಸಂಸ್ಥೆ ಅದು. ಅದರ ಒಂದು ಫ್ಲ್ಯಾಟಿನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಬೂಷ್ಟಿನಿಂದಾದ ಉಸಿರಾಟದ ತೊಂದರೆಯೇ ಕಾರಣ ಎಂದು 2022ರಲ್ಲಿ ಮರಣ ವಿಚಾರಣೆ ಹೇಳಿತು. ತಂದೆ ವರ್ಷಗಳ ಹಿಂದಿನಿಂದ ದೂರು ಕೊಡುತ್ತಲೇ ಇದ್ದರು. ಆ ಮಗುವಿನ ಹೆಸರಿನ ಕಾನೂನು ಈಗ ಇಂಗ್ಲೆಂಡಿನ ಸಾಮಾಜಿಕ ವಸತಿ ಮನೆಗಳಿಗೆಲ್ಲ ಅನ್ವಯ. ಅಪಾಯಕಾರಿ ತೇವ, ಬೂಷ್ಟನ್ನು ಗೊತ್ತುಪಡಿಸಿದ ಗಡುವಿನೊಳಗೆ ಪರೀಕ್ಷಿಸಿ ಸರಿಪಡಿಸಬೇಕು.

ಖಾಸಗಿ ಬಾಡಿಗೆ ಮನೆಯಾದರೆ ಮೊದಲು ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಫೋಟೋ ಇಟ್ಟುಕೊಳ್ಳಿ. ಮಾಡದಿದ್ದರೆ ಕೌನ್ಸಿಲ್ಲಿನ ಪರಿಸರ ಆರೋಗ್ಯ ವಿಭಾಗಕ್ಕೆ ದೂರು ಕೊಡಿ. ‘ಅಡುಗೆ ಜಾಸ್ತಿ ಮಾಡ್ತೀರಿ, ಅದಕ್ಕೆ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ.

ರಾಚ್‌ಡೇಲ್ ಅಂದರೆ ಸುದ್ದಿಯಲ್ಲಿ ಕೆಟ್ಟ ಹೆಸರಲ್ಲವೇ?

ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಶೋಷಣೆಯ ಪ್ರಕರಣದಲ್ಲಿ 2012ರಲ್ಲಿ ಒಂಬತ್ತು ಮಂದಿಗೆ ಶಿಕ್ಷೆಯಾಯಿತು, ಆಮೇಲೂ ಮೊಕದ್ದಮೆಗಳು ನಡೆದಿವೆ. ಮೇಯರ್ ಮಾಡಿಸಿದ ಪರಿಶೀಲನೆಯ 2024ರ ವರದಿ ಪೊಲೀಸರೂ ಕೌನ್ಸಿಲ್ಲೂ ಮಕ್ಕಳ ಮಾತಿಗೆ ಬೆಲೆ ಕೊಡದೆ ಸೋತರು ಎಂದು ಸ್ಪಷ್ಟವಾಗಿ ಬರೆಯಿತು. ಮಕ್ಕಳ ರಕ್ಷಣೆ ಬರೋದ ಮುಖ್ಯ ಹೊಣೆ ಅಂತ ಮೇಲೆ ಬರೆದದ್ದು ಬರೀ ಕಾಗದದ ಮಾತಲ್ಲ. ಎರಡು ಲಕ್ಷ ಜನರ ಊರನ್ನು ಇದೊಂದರಿಂದಲೇ ಅಳೆಯುವುದೂ ಸರಿಯಲ್ಲ.

ಸಹಕಾರ ಸಂಘ ಹುಟ್ಟಿದ ಊರು ಇದೇ ಅಲ್ಲವೇ?

ಇದೇ. 1844ರ ಡಿಸೆಂಬರ್ 21ರ ಸಂಜೆ, ಟೋಡ್ ಲೇನ್ 31ರಲ್ಲಿ 28 ಮಂದಿ ತಲಾ ಒಂದು ಪೌಂಡ್ ಹಾಕಿ ಅಂಗಡಿ ತೆರೆದರು. ನೇಕಾರರೇ ಹಲವರು. ಕಪಾಟಿನಲ್ಲಿ ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್, ಮೇಣದಬತ್ತಿ. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಸದಸ್ಯನಿಗೆ ಒಂದೇ ಮತ, ಲಾಭದ ಪಾಲು ಕೊಂಡ ಸಾಮಾನಿನ ಪ್ರಮಾಣಕ್ಕೆ. ನಮ್ಮ ಸಹಕಾರ ತರಬೇತಿಗಳಲ್ಲಿ ಮೊದಲ ಪಾಠ ಇಂದಿಗೂ ಇವರದೇ. ಅಂಗಡಿ ಈಗ ವಸ್ತುಸಂಗ್ರಹಾಲಯ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘ ಈ ವಂಶದ್ದೇ, ಆದರೆ ನೇರ ಮಗುವಲ್ಲ. ಅದು ರೈತರ ಸಾಲದ ಸಂಘ, 1904ರ ಕಾಯ್ದೆ ಜರ್ಮನಿಯ ಗ್ರಾಮೀಣ ಸಾಲ ಸಂಘಗಳನ್ನು ನೋಡಿಕೊಂಡು ಬರೆದದ್ದು.

ಕರ್ನಾಟಕಕ್ಕೆ ಬೇರೆ ನಂಟು ಉಂಟೇ?

ಹತ್ತಿಯದ್ದು. ರಾಚ್‌ಡೇಲ್‌ನಲ್ಲಿ 1811ರಲ್ಲಿ ಹುಟ್ಟಿದ ಗಿರಣಿ ಮಾಲೀಕ, ಸಂಸದ ಜಾನ್ ಬ್ರೈಟ್ ಅವರು 1848ರಲ್ಲಿ ಭಾರತದ ಹತ್ತಿ ಬೆಳೆ ಕುರಿತ ಸಂಸತ್ ಸಮಿತಿಯ ಅಧ್ಯಕ್ಷರಾಗಿದ್ದರು. ಅಮೆರಿಕದ ಹತ್ತಿಯನ್ನೇ ನಂಬಿ ಕೂರುವುದು ಲ್ಯಾಂಕಷೈರಿಗೆ ಅಪಾಯ ಎಂಬುದು ಅವರ ವಾದ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅದೇ ನಿಜವಾಯಿತು, ಗಿರಣಿಗಳು ನಿಂತವು. ಆ ವರ್ಷಗಳಲ್ಲಿ ಧಾರವಾಡದ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಅದನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಕಾರವಾರ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಹಟ ಹಿಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಡವೂ ಇತ್ತು. ಶಿರಸಿ, ಕಾರವಾರದವರು ಮುಂದೆ ಸುಮಾರು ನೂರು ವರ್ಷ ಮುಂಬೈ ಕಡೆ ಮುಖ ಮಾಡಿ ಬದುಕಿದರು.

ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಒಂದೇ ಜಾಗ ತೋರಿಸುವುದಾದರೆ?

ಟೌನ್ ಹಾಲ್. 1866ರಲ್ಲಿ ಅಡಿಗಲ್ಲು ಇಟ್ಟವರು ಇದೇ ಬ್ರೈಟ್, ಮುಗಿದದ್ದು 1871ರಲ್ಲಿ. 20,000 ಪೌಂಡಿನ ಅಂದಾಜು ಒಂದೂವರೆ ಲಕ್ಷ ದಾಟಿತು. ಸರ್ಕಾರಿ ಕಾಮಗಾರಿ ಎಲ್ಲ ಕಡೆಯೂ ಒಂದೇ! ವಾಸ್ತುಶಿಲ್ಪಿ ಕ್ರಾಸ್‌ಲ್ಯಾಂಡ್ ಕಟ್ಟಿದ ಮರದ ಶಿಖರ 1883ರಲ್ಲಿ ಸುಟ್ಟುಹೋಯಿತು, ಈಗಿರುವ ಗಡಿಯಾರ ಗೋಪುರ ಇನ್ನೊಬ್ಬ ವಾಸ್ತುಶಿಲ್ಪಿ ವಾಟರ್‌ಹೌಸ್ ಅವರದು. ವರ್ಷಗಟ್ಟಲೆ ದುರಸ್ತಿಯಾಗಿ 2024ರಲ್ಲಿ ಮತ್ತೆ ತೆರೆಯಿತು. ಮೇಲಿನ ಮಹಾಸಭಾಂಗಣದಲ್ಲಿ ತಲೆ ಎತ್ತಿ ಛಾವಣಿಯ ಫಲಕಗಳನ್ನು ನೋಡಿ. ಶತಮಾನದ ಹೊಗೆ ತೊಳೆದ ಮೇಲೆ ಬಣ್ಣ ಎದ್ದು ಬಂದಿದೆ. ಟ್ರಾಮಿನಲ್ಲಿ ರಾಚ್‌ಡೇಲ್ ಟೌನ್ ಸೆಂಟರ್ ಕೊನೆಯ ನಿಲ್ದಾಣ, ಅಲ್ಲಿಂದ ಐದು ನಿಮಿಷದ ನಡಿಗೆ.

ಕೌನ್ಸಿಲ್ ಮೇಲೆ ದೂರು ಕೊಟ್ಟರೂ ಕೇಳದಿದ್ದರೆ?

ಮೊದಲು ವಾರ್ಡಿನ ಮೂವರಲ್ಲಿ ಒಬ್ಬರಿಗೆ ಮಿಂಚಂಚೆ ಬರೆಯಿರಿ, ಪಕ್ಷ ಯಾವುದಾದರೂ ಸರಿ. ಹಲವರು ಗ್ರಂಥಾಲಯದಲ್ಲೋ ಸಮುದಾಯ ಭವನದಲ್ಲೋ ಗೊತ್ತಾದ ವೇಳೆಗೆ ಕೂತು ಅಹವಾಲು ಕೇಳುತ್ತಾರೆ. ಅದನ್ನು ಇಲ್ಲಿ ‘ಸರ್ಜರಿ’ ಅನ್ನುತ್ತಾರೆ, ಡಾಕ್ಟರ ಬಳಿ ಕಳಿಸಿದರು ಎಂದು ಗಾಬರಿಯಾಗಬೇಡಿ. ಅದೂ ಆಗದಿದ್ದರೆ ಕೌನ್ಸಿಲ್ಲಿನ ಅಧಿಕೃತ ದೂರು ಪ್ರಕ್ರಿಯೆ ಪೂರ್ತಿ ಮುಗಿಸಿ, ಅಂತಿಮ ಉತ್ತರದ ಪತ್ರ ಇಟ್ಟುಕೊಂಡು ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಸ್ಥಳೀಯ ಸರ್ಕಾರದ ಓಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಸಮಸ್ಯೆ ಗೊತ್ತಾದ ಹನ್ನೆರಡು ತಿಂಗಳೊಳಗೆ ಹೋಗಬೇಕು.